ಕೊಟ್ಟವನು ಧನ, ಇಸ್ಕೊಂಡವನು ಋಣ: ಅಯಾನು ಜೋಕು ಕಟ್ಟುವ ಬಗೆ

ಫೆಬ್ರವರಿ ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ. 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಮಕ್ಕಳು ಚಾರ್ಟು ಬರೆಯಬೇಕು, ಮೇಷ್ಟ್ರು ಮೈಕು ಹಿಡಿಯಬೇಕು, ಆಗ ಮಾನ್ವಿಯಿಂದ, ಸಿಂಧನೂರಿನಿಂದ, ಕುಷ್ಟಗಿಯಿಂದ, ಸಿರುಗುಪ್ಪದಿಂದ ಮೆಸೇಜು ಶುರುವಾಗುತ್ತವೆ: "ಸರ್, ಅಯಾನು ಮೇಲೆ, ಚಾರ್ಜ್ ಮೇಲೆ ಒಂದೆರಡು ಜೋಕು ಇದ್ರೆ ಕಳಿಸಿ." ಅಯಾನು ಅಂದರೆ ಎಲೆಕ್ಟ್ರಾನ್ ಕಳಕೊಂಡು ಇಲ್ಲವೇ ಪಡೆದು ಚಾರ್ಜ್ ಬಂದ ಪರಮಾಣು. ನಾನು ರಾಯಚೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನು, ಜೋಕಿನ ಅಂಗಡಿ ಇಟ್ಟವನಲ್ಲ. ಆದರೂ ಕೇಳಿದವರಿಗೆಲ್ಲ ಒಂದೊಂದೇ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಜೋಕು ಕಳಿಸುವ ಬದಲು ಅದನ್ನು ಕಟ್ಟುವುದು ಹೇಗೆ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಯಾವುದು ಬೇಡ ಅನ್ನೋದನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಜೋಕಿದೆ. ಎರಡು ಪರಮಾಣು ನಡೆದು ಹೋಗುತ್ತಿರುತ್ತವೆ. ಒಂದು, "ಅಯ್ಯೋ, ನನ್ನ ಎಲೆಕ್ಟ್ರಾನ್ ಕಳೆದುಹೋಯ್ತು" ಅನ್ನುತ್ತದೆ. ಇನ್ನೊಂದು, "ಖಂಡಿತವಾ?" ಅನ್ನುತ್ತದೆ. ಮೊದಲನೆಯದು, "ಹೌದು, ನಾನು ಪಾಸಿಟಿವ್" ಅನ್ನುತ್ತದೆ. ಎಲೆಕ್ಟ್ರಾನ್ ಕಳಕೊಂಡರೆ ಪಾಸಿಟಿವ್, ಅಂದರೆ ಪ್ಲಸ್ ಚಾರ್ಜ್ ಬರುತ್ತದೆ. ಇಂಗ್ಲಿಷಿನಲ್ಲಿ 'ಪಾಸಿಟಿವ್' ಅಂದರೆ 'ನೂರಕ್ಕೆ ನೂರು ಖಾತ್ರಿ' ಅಂತಲೂ ಅರ್ಥ, ಅದಕ್ಕೇ ಅಲ್ಲಿ ನಗು ಬರುತ್ತದೆ. ಕನ್ನಡದಲ್ಲಿ ನಾವು ಯಾರೂ ಹಾಗೆ ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಪಾಸಿಟಿವ್ ಅಂದ ಕೂಡಲೇ ನೆನಪಾಗೋದು ಕೊರೋನಾ ರಿಪೋರ್ಟು. ಹೇಳಿದ ಮೇಲೆ ಐದು ನಿಮಿಷ ವಿವರಿಸಬೇಕಾದ ಜೋಕು ಜೋಕಲ್ಲ, ಅದು ಇನ್ನೊಂದು ಪಾಠ.

ಆದರೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಸರಕು ಬಿದ್ದಿದೆ. ನಮ್ಮ ಪಠ್ಯಪುಸ್ತಕದಲ್ಲೇ ಇದೆ, ನಾವು ನೋಡಿಲ್ಲ ಅಷ್ಟೇ.

ಏನೇನು ಬೇಕು

ಒಂದು ಹಾಳೆ, ಎರಡು ಬಣ್ಣದ ಪೆನ್ನು. ಆಮೇಲೆ ಆರು ಧಾತುಗಳ ಎಲೆಕ್ಟ್ರಾನ್ ಜೋಡಣೆ, ಅಂದರೆ ಒಳಗಿನಿಂದ ಹೊರಕ್ಕೆ ಒಂದೊಂದು ಕಕ್ಷೆಯಲ್ಲಿ ಎಷ್ಟೆಷ್ಟು ಎಲೆಕ್ಟ್ರಾನ್ ಅನ್ನೋದು, ಬಾಯಿಪಾಠ ಇರಬೇಕು: ಸೋಡಿಯಂ 2, 8, 1. ಮೆಗ್ನೀಸಿಯಂ 2, 8, 2. ಕ್ಯಾಲ್ಸಿಯಂ 2, 8, 8, 2. ಆಕ್ಸಿಜನ್ 2, 6. ಕ್ಲೋರಿನ್ 2, 8, 7. ಆರ್ಗಾನ್ 2, 8, 8. ಶಾಲೆಯ ಮಟ್ಟಕ್ಕೆ ಇಷ್ಟರಲ್ಲೇ ಹತ್ತಾರು ಜೋಕು ಹುಟ್ಟುತ್ತವೆ. ಮೇಲಿಂದ ಒಂದಿಷ್ಟು ಗಾದೆ, ಸಂತೆಯ ಮಾತು. ಅದು ನಿಮ್ಮ ಹತ್ತಿರ ಇದ್ದೇ ಇರುತ್ತದೆ.

1. ಮೊದಲು ವಿಷಯ ಸರಿಮಾಡಿಕೊಳ್ಳಿ

ಪರಮಾಣುವಿನಲ್ಲಿ ಪ್ರೋಟಾನ್ ಎಷ್ಟಿರುತ್ತವೋ ಎಲೆಕ್ಟ್ರಾನ್ ಅಷ್ಟೇ ಇರುತ್ತವೆ. ಪ್ರೋಟಾನಿನದು ಪ್ಲಸ್, ಎಲೆಕ್ಟ್ರಾನಿನದು ಮೈನಸ್, ಎರಡೂ ಸಮ ಆಗಿ ಲೆಕ್ಕ ಸೊನ್ನೆ. ಇದು ತಟಸ್ಥ ಸ್ಥಿತಿ, ಅಂದರೆ ಯಾವ ಕಡೆಗೂ ಇಲ್ಲದ್ದು. ಎಲೆಕ್ಟ್ರಾನ್ ಹೋದರೆ ಅಥವಾ ಬಂದರೆ ಆ ಲೆಕ್ಕ ಕೆಡುತ್ತದೆ. ಲೆಕ್ಕ ಕೆಟ್ಟ ಪರಮಾಣುವೇ ಅಯಾನು. ಸೋಡಿಯಂನಲ್ಲಿ ಪ್ರೋಟಾನ್ 11, ಎಲೆಕ್ಟ್ರಾನ್ 11. ಒಂದು ಎಲೆಕ್ಟ್ರಾನ್ ಬಿಟ್ಟರೆ 11ಕ್ಕೆ 10, ಒಂದು ಪ್ಲಸ್ ಉಳಿಯಿತು. ಇದು ಧನ ಅಯಾನು, ಕ್ಯಾಟಯಾನ್ ಅಂತಲೂ ಹೇಳುತ್ತಾರೆ. ಕ್ಲೋರಿನ್‌ನಲ್ಲಿ 17ಕ್ಕೆ 17 ಇತ್ತು, ಒಂದು ಇಸ್ಕೊಂಡಿತು, 17ಕ್ಕೆ 18 ಆಯಿತು, ಮೈನಸ್ ಒಂದು. ಇದು ಋಣ ಅಯಾನು, ಅಂದರೆ ಆನಯಾನ್.

ಹೆಚ್ಚು ಜನ ಎಡವೋದು ಇಲ್ಲೇ. "ಪ್ರೋಟಾನ್ ಪಡೆದು ಪಾಸಿಟಿವ್ ಆಯಿತು" ಅಂತ ಚಾರ್ಟಿನಲ್ಲಿ ಬರೆಯುತ್ತಾರೆ. ಪ್ರೋಟಾನ್ ಇರೋದು ನಡುವಿನ ಬೀಜದಲ್ಲಿ, ಅಲ್ಲಿಗೆ ಒಂದು ಸೇರಿಸಿದರೆ ಸೋಡಿಯಂ ಸೋಡಿಯಂ ಆಗಿ ಉಳಿಯುವುದಿಲ್ಲ, ಮೆಗ್ನೀಸಿಯಂ ಆಗುತ್ತದೆ. ಹೋಗಿ ಬಂದು ಮಾಡೋದು ಹೊರಗಿನ ಎಲೆಕ್ಟ್ರಾನ್ ಮಾತ್ರ. ಮನೆಯ ಯಜಮಾನ ಒಳಗೆ ಕೂತಿರುತ್ತಾನೆ, ತಿರುಗಾಡೋದು ಅಂಗಳದ ಹುಡುಗರು ಅಂತ ಇಟ್ಟುಕೊಳ್ಳಿ.

'ಅಯಾನು' ಅನ್ನುವ ಹೆಸರೇ ತಿರುಗಾಟದ್ದು. ಮೈಕೆಲ್ ಫ್ಯಾರಡೆ 1834ರಲ್ಲಿ ವಿಲಿಯಂ ಹ್ಯೂವೆಲ್ ಅನ್ನುವ ಪಂಡಿತನನ್ನು ಕೇಳಿ, ಗ್ರೀಕ್ ಭಾಷೆಯಿಂದ ಈ ಪದ ತೆಗೆದುಕೊಂಡ. ಅರ್ಥ 'ಹೋಗುವಂಥದ್ದು'. ಉತ್ತರಾಯಣ, ದಕ್ಷಿಣಾಯನದಲ್ಲಿ ಇರುವ ನಮ್ಮ 'ಅಯನ'ಕ್ಕೂ ಹೋಗೋದು ಅಂತಲೇ ಅರ್ಥ, ಎರಡೂ ಒಂದೇ ಬೇರಿನ ನೆಂಟರು. ಸಂಕ್ರಾಂತಿ ಹೊತ್ತಿಗೆ ಕ್ಲಾಸಿದ್ದರೆ ಇದನ್ನು ಹೇಳಿ. ಜೋಕಲ್ಲ, ಆದರೆ ಮಕ್ಕಳು ತಲೆ ಎತ್ತಿ ನೋಡುತ್ತಾರೆ.

2. ಎರಡು ಅರ್ಥದ ಪದ ಹುಡುಕಿ

ಒಂದೇ ಪದಕ್ಕೆ ಎರಡು ಅರ್ಥ ಬರುವ ಹಾಗೆ ಮಾತಾಡೋದಕ್ಕೆ ಶ್ಲೇಷೆ ಅನ್ನುತ್ತಾರೆ. ಅಯಾನು ಜೋಕಿನಲ್ಲಿ ಮುಕ್ಕಾಲು ಪಾಲು ಇದೇ ಕೆಲಸ. ಹಾಳೆಯ ಎಡಕ್ಕೆ ವಿಜ್ಞಾನದ ಅರ್ಥ, ಬಲಕ್ಕೆ ಊರಿನ ಅರ್ಥ ಬರೆದುಕೊಳ್ಳಿ.

ಚಾರ್ಜ್. ಇದೊಂದೇ ಪದದಲ್ಲಿ ಒಂದು ಇಡೀ ಕಾರ್ಯಕ್ರಮ ಮುಗಿಸಬಹುದು. ಮೊಬೈಲಿಗೆ ಚಾರ್ಜ್, ಬಸ್ಸಿಗೆ ಚಾರ್ಜ್, ಪೊಲೀಸರದ್ದು ಲಾಠಿ ಚಾರ್ಜ್, ಕೋರ್ಟಿಗೆ ಚಾರ್ಜ್‌ಶೀಟ್, ಹೊಸ ಸಾಹೇಬರು ಬಂದು 'ಚಾರ್ಜ್ ತಗೊಂಡರು'. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಪೂರ್ತಿ ಹೆಡ್‌ಮಾಸ್ಟರ್ ಇರುವುದಿಲ್ಲ, ಇನ್‌ಚಾರ್ಜ್ ಇರುತ್ತಾರೆ. "ಅಯಾನು ಅಂದ್ರೆ ಯಾರು?" "ನಮ್ಮ ಎಚ್ಚೆಮ್ಮು ಇದ್ದಂಗ ಸರ್, ಯಾವಾಗ್ಲೂ ಇನ್‌ಚಾರ್ಜ್." ಎಚ್ಚೆಮ್ಮು ಎದುರಿಗೇ ಕೂತಿದ್ದರೆ ಅವರ ಮುಖ ನೋಡಿಕೊಂಡು ಹೇಳಿ.

ಆವೇಶ. ಚಾರ್ಜ್‌ಗೆ ಪಠ್ಯಪುಸ್ತಕದ ಕನ್ನಡ ವಿದ್ಯುದಾವೇಶ. ಊರಿನಲ್ಲಿ ಆವೇಶ ಅಂದರೆ ಜಾತ್ರೆಯಲ್ಲಿ ಮೈಮೇಲೆ ಬರೋದು, ಇಲ್ಲವೇ ಜಗಳದಲ್ಲಿ ತೋಳು ಏರಿಸೋದು. "ಆ ಪರಮಾಣು ಯಾಕೋ ಹಂಗ ಕುಣೀತೈತಿ?" "ಎಲೆಕ್ಟ್ರಾನ್ ಹೋಗಿ ಆವೇಶ ಬಂದೈತ್ರೀ." ಒಂದೇ ಎಚ್ಚರಿಕೆ, ದೇವರು ಬರುವವರನ್ನು ಅಣಕಿಸುವ ಹಾಗೆ ಆಗಬಾರದು. ಕುಣಿಯೋದು ಪರಮಾಣುವೇ ಆಗಿರಲಿ.

ತಟಸ್ಥ. ಇದು ಚುನಾವಣೆ ಟೈಮಿಗೆ. ಹೆಚ್ಚು ಹೇಳಬೇಕಿಲ್ಲ.

ಧನ ಮತ್ತು ಋಣ. ಇವೇ ನಿಜವಾದ ಬಂಗಾರ, ಮುಂದಿನ ಹಂತ ಪೂರ್ತಿ ಇವಕ್ಕೇ ಇಟ್ಟಿದ್ದೇನೆ.

ಇನ್ನೊಂದು ಸಣ್ಣದಿದೆ. ಸೋಡಿಯಂ ಸಂಕೇತವನ್ನು ಓದಿದರೆ 'ನಾ', ನಿಕಲ್ ಸಂಕೇತ ಓದಿದರೆ 'ನೀ'. ಯಾವನೋ ಹುಡುಗ ಇವೆರಡನ್ನೂ ಹಾರ್ಟಿನ ಒಳಗೆ ಬರೆದು ಡೆಸ್ಕಿನ ಮೇಲೆ ಕೆತ್ತಿರುತ್ತಾನೆ. ಅವನಿಗೆ ಹೇಳಿ: ತಮ್ಮಾ, ನಾ-ನೀ ಎರಡೂ ಲೋಹ, ಎರಡೂ ಎಲೆಕ್ಟ್ರಾನ್ ಕೊಡುವವೇ, ಎರಡೂ ಧನ ಅಯಾನು ಆಗುತ್ತವೆ, ಹತ್ತಿರ ತಂದರೆ ಒಂದನ್ನೊಂದು ದೂಡುತ್ತವೆ. ಈ ಸಂಬಂಧ ಕೂಡುವುದಿಲ್ಲ. ಇದರಲ್ಲಿ ನನಗೆ ಇಷ್ಟವಾಗೋದು ಏನೆಂದರೆ ಜೋಕು ಮುಗಿಯುವಷ್ಟರಲ್ಲಿ ಪಾಠವೂ ಮುಗಿದಿರುತ್ತದೆ.

3. ಧನ-ಋಣ ಜೋಕು ಕಟ್ಟಿ

ಇಲ್ಲಿ ನಿಧಾನವಾಗಿ ಬನ್ನಿ. ಮಕ್ಕಳಿಗೆ ಅಯಾನಿನಲ್ಲಿ ಎಲ್ಲಕ್ಕಿಂತ ಕಷ್ಟ ಆಗೋದು ಒಂದೇ ವಿಷಯ. ಕಳಕೊಂಡದ್ದು ಪ್ಲಸ್ ಹೇಗಾಯ್ತು? ಪಡೆದದ್ದು ಮೈನಸ್ ಹೇಗಾಯ್ತು? ಉಲ್ಟಾ ಅನ್ನಿಸುತ್ತದೆ. ತಪ್ಪು ಮಕ್ಕಳದ್ದಲ್ಲ. ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲೇ ಒಂದು ಬಗೆಯ ಚಾರ್ಜಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಅಂತ ಹೆಸರಿಟ್ಟು ಬಿಟ್ಟಿದ್ದ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದದ್ದು 1897ರಲ್ಲಿ. ಅಷ್ಟೊತ್ತಿಗೆ ನಾಮಕರಣ ಆಗಿಹೋಗಿತ್ತು, ಎಲೆಕ್ಟ್ರಾನಿನ ಪಾಲಿಗೆ ಮೈನಸ್ ಬಂತು. ಅವತ್ತಿಂದ ಇಂಗ್ಲಿಷಿನ ಮಕ್ಕಳೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಕನ್ನಡದಲ್ಲಿ ಈ ಕಷ್ಟ ಇರಬೇಕಾಗಿಯೇ ಇಲ್ಲ. ಧನ ಅಂದರೆ ದುಡ್ಡು, ಋಣ ಅಂದರೆ ಸಾಲ. ಕೊಟ್ಟವನು ಧನಿ, ಇಸ್ಕೊಂಡವನು ಋಣಿ. ಸೋಡಿಯಂ ಕೊಟ್ಟಿತು, ಧನ ಆಯಿತು. ಕ್ಲೋರಿನ್ ಇಸ್ಕೊಂಡಿತು, ಋಣ ಆಯಿತು. ಉಲ್ಟಾ ಎಲ್ಲಿದೆ? ಸಂತೆಯಲ್ಲಿ ಸಾಲ ಕೊಡುವ ಮುದುಕಿಗೂ ಗೊತ್ತಾಗುವ ಲೆಕ್ಕ.

ಈಗ ಇದನ್ನು ಜೋಕು ಮಾಡಬೇಕು. ಹೆಚ್ಚಿನವರು ಮೊದಲ ಸಲ ಹೀಗೆ ಬರೆಯುತ್ತಾರೆ:

"ಸೋಡಿಯಂ ಎಲೆಕ್ಟ್ರಾನ್ ಕೊಟ್ಟು ಧನ ಅಯಾನು ಆಯಿತು, ಧನ ಅಂದರೆ ದುಡ್ಡು, ಹ್ಹಹ್ಹಹ್ಹ."

ಇದು ಸತ್ತಿದೆ. ಯಾಕೆ ಅಂದರೆ ಕೇಳುವವನು ಕಂಡುಕೊಳ್ಳಬೇಕಾದದ್ದನ್ನು ನೀವೇ ಹೇಳಿಬಿಟ್ಟಿರಿ. ಎರಡು ಅರ್ಥದ ಪದವನ್ನು ಕೊನೆಗೆ ಇಡಿ, ಅದರ ಮುಂಚೆ ಒಂದು ಸುಳ್ಳು ಜಾಡು ಹಿಡಿಸಿ. ಕೇಳುವವನು 'ಪಾಪ, ಸೋಡಿಯಂ ಬರಿಗೈ ಆಯ್ತು' ಅಂತ ಅಂದುಕೊಳ್ಳಬೇಕು. ಹೀಗೆ:

ಸೋಡಿಯಂ: "ಹೊರಗಿನ ಮನಿಯಾಗ ಇದ್ದದ್ದು ಒಂದ ಎಲೆಕ್ಟ್ರಾನ್. ಅದನ್ನೂ ಕ್ಲೋರಿನ್‌ಗೆ ಕೊಟ್ಟೆ."
ಮೆಗ್ನೀಸಿಯಂ: "ಅಯ್ಯೋ, ಹಂಗಾರ ಈಗ ಬರಿಗೈ ಆದೇನಪಾ?"
ಸೋಡಿಯಂ: "ಕೊಟ್ಟ ಮ್ಯಾಲೇ ಧನ ಆಗೀನಿ. ಋಣದಾಗ ಬಿದ್ದಾಂವ ಅಂವ!"

ಹೊರಗಿನ ಕಕ್ಷೆಯನ್ನು ಹೊರಗಿನ ಮನೆ ಅಂದದ್ದು ನೋಡಿ. ಕಕ್ಷೆ ಅನ್ನುವ ಪದ ಬಂದ ಕೂಡಲೇ ಪರೀಕ್ಷೆ ನೆನಪಾಗುತ್ತದೆ, ನಗು ಓಡಿಹೋಗುತ್ತದೆ.

ಇನ್ನೂ ಒಂದು ಮೆಟ್ಟಿಲು ಏರಿಸಬೇಕಾದರೆ ಗಾತ್ರ ಸೇರಿಸಿ. ಸೋಡಿಯಂ ಪರಮಾಣುವಿನ ತ್ರಿಜ್ಯ ಸುಮಾರು 186 ಪಿಕೋಮೀಟರ್, ಅಯಾನು ಆದ ಮೇಲೆ ಬರೀ 102. ಪಿಕೋಮೀಟರ್ ಅಂದರೆ ಒಂದು ಮೀಟರನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು. ಕ್ಲೋರಿನ್ 99 ಇದ್ದದ್ದು 181 ಆಗುತ್ತದೆ. ಕೊಟ್ಟವನು ಸೊರಗಿದ, ಇಸ್ಕೊಂಡವನು ಊದಿದ. ಸಾಲ ಮಾಡಿ ಮದುವೆ ಊಟ ಹಾಕಿಸಿದವರ ಮನೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲೊಂದು ಗುಂಡಿ ಇದೆ, ನಾನೂ ಅದರಲ್ಲಿ ಬಿದ್ದವನೇ. ಜೋಕಿನ ಜೋಶಿನಲ್ಲಿ ಸೋಡಿಯಂ ಅನ್ನು ದಾನಶೂರ ಕರ್ಣ ಮಾಡಿಬಿಡುತ್ತೇವೆ. ಕೇಳುವ ಮೊದಲೇ ಕೊಟ್ಟಿತು ಅಂತ. ಅದು ತಪ್ಪು. ಬಿಡಿ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಬೇಕಾದರೆ ಮೋಲ್‌ಗೆ ಸುಮಾರು 496 ಕಿಲೋಜೂಲ್ ಶಕ್ತಿ ಖರ್ಚು ಮಾಡಬೇಕು. ಮೋಲ್ ಅಂದರೆ ಡಜನ್ ಇದ್ದ ಹಾಗೆ ಎಣಿಕೆಯ ಒಂದು ಗಂಟು, ಆದರೆ ತುಂಬ ದೊಡ್ಡ ಗಂಟು. ಕ್ಲೋರಿನ್ ಆ ಎಲೆಕ್ಟ್ರಾನ್ ಇಸ್ಕೊಂಡಾಗ ವಾಪಸ್ ಸಿಗೋದು ಸುಮಾರು 349. ಅಂದರೆ ಈ ವ್ಯವಹಾರದಲ್ಲಿ 147 ಕಿಲೋಜೂಲ್ ಲಾಸು! ಮತ್ತೆ ಸೋಡಿಯಂ, ಕ್ಲೋರಿನ್ ಸೇರಿ ಉಪ್ಪು ಯಾಕೆ ಆಗುತ್ತದೆ? ಧನ, ಋಣ ಅಯಾನುಗಳು ಸಾಲುಸಾಲಾಗಿ ಹತ್ತಿರ ಹತ್ತಿರ ಕೂತು ಹರಳು ಕಟ್ಟಿದಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ, ಲಾಸೆಲ್ಲ ತೀರಿ ಮೇಲೆ ಲಾಭ. ಹಾಗಾಗಿ ಸೋಡಿಯಂ ಕರ್ಣ ಅಲ್ಲ, ಲೆಕ್ಕ ಗೊತ್ತಿರುವ ಸಾಹುಕಾರ. ಜೋಕೂ ಇದರಿಂದ ಇನ್ನಷ್ಟು ಚೆನ್ನಾಗುತ್ತದೆ, ಅಲ್ವಾ? ಸಾಲ ಕೊಟ್ಟವನು ಸಾಲಗಾರನ ಪಕ್ಕದಲ್ಲೇ ಮನೆ ಮಾಡಿಕೊಂಡ.

4. ಊರಿಗೆ ತನ್ನಿ

ಪ್ರೋಟಾನ್ ಜೊತೆ ಬೀಜದಲ್ಲಿ ಇರುವ, ಚಾರ್ಜೇ ಇಲ್ಲದ ಕಣ ನ್ಯೂಟ್ರಾನ್. ಇಂಗ್ಲಿಷಿನಲ್ಲಿ ಅದು ಬಾರಿಗೆ ಹೋಗುತ್ತದೆ, ಬಿಲ್ಲು ಕೇಳಿದರೆ "ನಿನಗೆ ನೋ ಚಾರ್ಜ್" ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಬಾರ್ ಕಥೆ ಹೇಳಿದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅವರು ಬಂದು ನಿಲ್ಲುತ್ತಾರೆ. ಅದನ್ನು ಬಸ್ಸಿಗೆ ಹತ್ತಿಸಿ.

ನ್ಯೂಟ್ರಾನ್ ಲಿಂಗಸುಗೂರಿನಲ್ಲಿ ಬಸ್ ಹತ್ತಿತು. ಟಿಕೆಟ್ ತಗೊಳ್ಳಲಿಲ್ಲ.
ಕಂಡಕ್ಟರ್: "ಎಲ್ಲೈತಿ ಆಧಾರ್ ಕಾರ್ಡ್? ತೋರ್ಸು."
ನ್ಯೂಟ್ರಾನ್: "ಶಕ್ತಿ ಯೋಜನಿ ಬರೋ ಮೊದಲಿಂದ್ಲೂ ನನಗ ಚಾರ್ಜ್ ಇಲ್ರೀ."

ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ, ನ್ಯೂಟ್ರಾನಿಗೆ ಚಾರ್ಜ್ ಇಲ್ಲದ್ದು ಯಾವತ್ತಿಂದಲೂ. ಈ ಜೋಕಿಗೆ ಹಿಂದಿನ ಬೆಂಚಿನವರೂ ನಗುತ್ತಾರೆ, ನಂಬಿ. ಇಲ್ಲಿ ಪರಮಾಣು ಅನ್ನಬೇಡಿ, ನ್ಯೂಟ್ರಾನ್ ಅಂತಲೇ ಹೇಳಿ. ಪರಮಾಣುವಿಗೆ ಚಾರ್ಜ್ ಒಳಗೆ ಇದೆ, ಕೂಡಿ ಕಳೆದು ಸೊನ್ನೆ ಆಗಿದೆ ಅಷ್ಟೇ.

ತುಂಗಭದ್ರಾ ಕಾಲುವೆ ಕಡೆಯವರು, ಗಂಗಾವತಿ, ಕಾರಟಗಿ, ಸಿಂಧನೂರಿನವರು ಸವಳು ಭೂಮಿ ನೋಡಿರುತ್ತೀರಿ. ಅದೂ ಅಯಾನುಗಳದ್ದೇ ಜಗಳ. ಜೇಡಿಮಣ್ಣಿನ ಕಣಗಳ ಮೈಮೇಲೆ ಋಣ ಚಾರ್ಜ್ ಇರುತ್ತದೆ, ಅವು ಧನ ಅಯಾನುಗಳನ್ನು ಹಿಡಿದುಕೊಂಡಿರುತ್ತವೆ. ನಮ್ಮ ಎರೆ ಮಣ್ಣಿನಲ್ಲಿ ಈ ಚಾರ್ಜ್ ಜಾಸ್ತಿ. ಸೋಡಿಯಂ ಅಯಾನು ಜಾಸ್ತಿ ಬಂದು ಕೂತರೆ ಮಣ್ಣಿನ ಕಣ ಬಿಡಿಬಿಡಿಯಾಗಿ ಚೆದುರುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಅದಕ್ಕೇ ಜಿಪ್ಸಂ ಹಾಕಿಸುತ್ತಾರೆ. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ಮೇಲೆ ಎರಡು ಪ್ಲಸ್, ಸೋಡಿಯಂ ಮೇಲೆ ಒಂದು. ಒಂದು ಕ್ಯಾಲ್ಸಿಯಂ ಬಂದು ಎರಡು ಸೋಡಿಯಂ ಎಬ್ಬಿಸುತ್ತದೆ, ಆಮೇಲೆ ಒಳ್ಳೆಯ ನೀರು ಬಿಟ್ಟು ಬಸಿಗಾಲುವೆಯಲ್ಲಿ ತೊಳೆದು ಕಳಿಸಬೇಕು.

ಕ್ಯಾಲ್ಸಿಯಂ: "ಏಳ್ರಿ ಏಳ್ರಿ, ಇದು ನನ್ನ ಸೀಟು."
ಎರಡು ಸೋಡಿಯಂ: "ನಾವ್ ಇಬ್ರದೀವಿ, ನೀ ಒಬ್ಬಾಂವ!"
ಕ್ಯಾಲ್ಸಿಯಂ: "ನಂದು ಡಬಲ್ ಚಾರ್ಜ್ ಕಟ್ಟೈತಿ."

ಇದರ ಬೆನ್ನಿಗೇ "ರೈತ ಅಷ್ಟೇ ಅಲ್ಲ, ಅವನ ಮಣ್ಣೂ ಋಣದಲ್ಲಿದೆ" ಅನ್ನೋ ಮಾತು ಬಾಯಿಗೆ ಬರುತ್ತದೆ. ಮಾತು ಚೂಪಾಗಿದೆ. ಆದರೆ ಅದನ್ನು ರೈತರ ಮಕ್ಕಳು ಹೇಳಿದರೆ ಒಂದು ತೂಕ, ಸಂಬಳದ ಮೇಷ್ಟ್ರು ಹೇಳಿದರೆ ಇನ್ನೊಂದು. ನಾನು ಹೇಳುವುದಿಲ್ಲ.

ಶಕ್ತಿನಗರದ ಹತ್ತಿರದವರಿಗೆ ಒಂದು. ಅಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1720 ಮೆಗಾವಾಟಿನದು, ಕಲ್ಲಿದ್ದಲು ಸುಡುವ ಕಡೆ ಹಾರುಬೂದಿ ಇದ್ದೇ ಇರುತ್ತದೆ. ಚಿಮಣಿಗೆ ಹೋಗುವ ಮೊದಲು ಹೊಗೆಯನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹಾಯಿಸುತ್ತಾರೆ, ಅಲ್ಲಿ ಜಾಸ್ತಿ ವೋಲ್ಟೇಜಿನ ತಂತಿಗಳು ಗಾಳಿಯನ್ನೇ ಅಯಾನು ಮಾಡಿ ಬೂದಿಯ ಕಣಕ್ಕೆ ಋಣ ಚಾರ್ಜ್ ಅಂಟಿಸುತ್ತವೆ, ಆಮೇಲೆ ಕಣ ಹೋಗಿ ಎದುರಿನ ತಗಡಿಗೆ ಅಂಟುತ್ತದೆ. ಜೋಕು ಇಷ್ಟೇ: ಊರು ಬಿಟ್ಟು ಓಡುವವನನ್ನು ಹಿಡಿಯಬೇಕಾ? ಮೊದಲು ಅವನನ್ನು ಸಾಲಗಾರ ಮಾಡಿ.

ಹಟ್ಟಿ ಚಿನ್ನದ ಗಣಿ ಕಡೆಯವರಿಗೆ ಬಂಗಾರ ಇದೆ. ಸೋಡಿಯಂನಿಂದ ಎಲೆಕ್ಟ್ರಾನ್ ಕೀಳೋಕೆ 496 ಸಾಕು ಅಂದೆನಲ್ಲ, ಬಂಗಾರಕ್ಕೆ ಸುಮಾರು 890 ಬೇಕು. ಜಿಪುಣ. ಅದಿರಿನಿಂದ ಬಂಗಾರ ಬಿಡಿಸಲು ಸಯನೈಡ್ ಬೇಕಾಗುತ್ತದೆ. ಅದರ ಜೊತೆ ಗಾಳಿಯ ಆಕ್ಸಿಜನ್ನೂ ಸೇರಿದರೆ ಬಂಗಾರ ಕೊನೆಗೂ ಒಂದು ಎಲೆಕ್ಟ್ರಾನ್ ಬಿಡುತ್ತದೆ, ಆದರೆ ಎರಡು ಸಯನೈಡ್ ಋಣ ಅಯಾನುಗಳ ನಡುವೆ ಸಿಕ್ಕಿ ಒಟ್ಟು ಲೆಕ್ಕದಲ್ಲಿ ಮೈನಸ್ ಒಂದೇ ಆಗುತ್ತದೆ. ಬಂಗಾರ ಧನ ಆಯ್ತು, ಆದರೂ ಮನೆ ಮಾತ್ರ ಋಣದಲ್ಲೇ. ಇದು ಪಿಯುಸಿ ಮಟ್ಟದ್ದು, ಎಂಟನೇ ಕ್ಲಾಸಿಗೆ ಬೇಡ.

5. ಉಪ್ಪಿನ ಗಾದೆ ಬಳಸಿ

ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್, ಅಯಾನುಗಳದ್ದೇ ರಾಶಿ. ಕನ್ನಡದಲ್ಲಿ ಉಪ್ಪಿನ ಗಾದೆಗಳಿಗೇನು ಬರ? "ಉಪ್ಪು ತಿಂದವನು ನೀರು ಕುಡಿಯಲೇಬೇಕು." ಇದನ್ನು "ಉಪ್ಪು ತಾನೇ ನೀರಿಗೆ ಬಿದ್ದರೆ ಬೇರೆಬೇರೆ ಆಗಲೇಬೇಕು" ಅಂತ ತಿರುಗಿಸಿ. ನೀರಿನಲ್ಲಿ ಧನ, ಋಣ ಅಯಾನುಗಳು ಬಿಡಿಯಾಗಿ ತಿರುಗುತ್ತವೆ, ಅದಕ್ಕೇ ಉಪ್ಪು ನೀರಿನಲ್ಲಿ ಕರೆಂಟು ಹರಿಯುತ್ತದೆ.

"ಉಪ್ಪಿನ ಋಣ" ಅನ್ನೋ ಮಾತು ಇದೆಯಲ್ಲ, ಅದಕ್ಕೆ ಲೆಕ್ಕವನ್ನೇ ಕೊಡಬಹುದು. ಸೋಡಿಯಂ ತೂಕ 23, ಕ್ಲೋರಿನ್ 35.5. ನೂರು ಗ್ರಾಂ ಉಪ್ಪಿನಲ್ಲಿ ಸುಮಾರು 61 ಗ್ರಾಂ ಋಣ ಅಯಾನು, 39 ಗ್ರಾಂ ಧನ. "ನಿಮ್ಮ ಮನೆ ಉಪ್ಪು ತಿಂದೀನಿ ಗೌಡ್ರೇ, ಋಣ ಎಷ್ಟಾಯ್ತು?" "ಕಿಲೋಗೆ ಆರ್ನೂರಾ ಏಳು ಗ್ರಾಂ." ಮುಖ ಗಂಭೀರ ಇಟ್ಟುಕೊಂಡು ಹೇಳಬೇಕು. 'ಸುಮಾರು ಅರ್ಧಕ್ಕಿಂತ ಜಾಸ್ತಿ' ಅಂದರೆ ನಗು ಬರುವುದಿಲ್ಲ, 607 ಅಂದರೆ ಬರುತ್ತದೆ. ಯಾಕೋ ಗೊತ್ತಿಲ್ಲ, ನಿಖರವಾದ ಅಂಕಿಗೆ ಜನ ನಗುತ್ತಾರೆ.

'ಋಣಾನುಬಂಧ'ವನ್ನು ನಾನು ಬಿಡಿಸಿ ಹೇಳುವುದಿಲ್ಲ. ಬೋರ್ಡಿನ ಮೇಲೆ ಉಪ್ಪಿನ ಹರಳಿನ ಚಿತ್ರ ಬಿಡಿಸಿ, ಕೆಳಗೆ ಆ ಒಂದು ಪದ ಬರೆದು ಸುಮ್ನೆ ನಿಂತುಕೊಳ್ಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಗಂಡ-ಹೆಂಡತಿ ಜೋಕು. ಸೋಡಿಯಂ ವರ, ಕ್ಲೋರಿನ್ ವಧು, ಇಬ್ಬರ ಮದುವೆ ಅಂತ. ಉಪ್ಪಿನಲ್ಲಿ ಜೋಡಿ ಅನ್ನೋದೇ ಇಲ್ಲ. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ (ಅಂದರೆ ಕ್ಲೋರಿನ್ನಿನ ಋಣ ಅಯಾನು), ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಮದುವೆ ಅಂತ ಹೇಳಿದರೆ ಕಥೆ ಎಲ್ಲೆಲ್ಲಿಗೋ ಹೋಗುತ್ತದೆ. ಸಾಲ-ಸಾಹುಕಾರ ಅನ್ನಿ, ಆರು ಜನರ ಹತ್ತಿರ ವ್ಯವಹಾರ ಇರೋದು ಸಹಜ.

6. ಎಲೆಕ್ಟ್ರೋಡ್ ಜೋಕು ಮಾಡುವವರಿಗೆ

ಕರೆಂಟು ಹಾಯಿಸಿ ಪದಾರ್ಥ ಒಡೆಯೋದಕ್ಕೆ ವಿದ್ಯುದ್ವಿಭಜನೆ ಅನ್ನುತ್ತಾರೆ, ಕರೆಂಟು ಒಳಗೆ ಒಯ್ಯುವ ಎರಡು ಕಡ್ಡಿಗಳೇ ಎಲೆಕ್ಟ್ರೋಡ್. ಅದರಲ್ಲಿ ಧನ ಅಯಾನು ಋಣಾಗ್ರದ ಕಡೆ, ಅಂದರೆ ಕ್ಯಾಥೋಡ್ ಕಡೆ ಹೋಗುತ್ತದೆ. ಋಣ ಅಯಾನು ಧನಾಗ್ರದ ಕಡೆ, ಅಂದರೆ ಆನೋಡ್ ಕಡೆ. ನೆನಪಿಡಲು ಬಡ್ಡಿ ಸಾಹುಕಾರನೇ ಸಾಕು. ದುಡ್ಡಿದ್ದವನು ವಸೂಲಿಗೆ ಸಾಲಗಾರನ ಬಾಗಿಲಿಗೆ ಹೋಗುತ್ತಾನೆ, ಸಾಲ ಆದವನು ಬ್ಯಾಂಕಿನ ಬಾಗಿಲಿಗೆ ಹೋಗುತ್ತಾನೆ.

ಆದರೆ ಈ ಜೋಕನ್ನು ಬ್ಯಾಟರಿ ಪಾಠಕ್ಕೆ ಒಯ್ಯಬೇಡಿ. ಕರೆಂಟು ಕೊಡುತ್ತಿರುವ ಬ್ಯಾಟರಿಯಲ್ಲಿ ಕ್ಯಾಥೋಡ್ ಪ್ಲಸ್ ಕಡೆ ಇರುತ್ತದೆ. ಗುರುತು ತಿರುಗಿಬಿಡುತ್ತದೆ, ಜೋಕು ಮಕ್ಕಳಿಗೆ ತಪ್ಪು ಉತ್ತರ ಕಲಿಸುತ್ತದೆ, ಪರೀಕ್ಷೆಯಲ್ಲಿ ಅಂಕ ಹೋದ ಮೇಲೆ ಬೈಗುಳ ನಿಮಗೇ.

7. ಹೇಳುವಾಗ, ಬರೆಯುವಾಗ

ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳುವುದಿಲ್ಲ. ಧನ, ದನ ಎರಡೂ ಒಂದೇ ಥರ ಬರುತ್ತವೆ. ಇಂಗ್ಲಿಷಿನವರು ಕ್ಯಾಟಯಾನ್ ಅಂತ ಬೆಕ್ಕಿನ ಚಿತ್ರ ಬಿಡಿಸುತ್ತಾರೆ, ನೀವು ಹಣೆಯ ಮೇಲೆ ಪ್ಲಸ್ ಗುರುತು ಇರುವ ಹೋರಿ ಬಿಡಿಸಿ. ಬಾಯಲ್ಲಿ ಹೇಳಿದರೆ ಮಾತ್ರ ಇದು ನಡೆಯುತ್ತದೆ. ಚಾರ್ಟಿನಲ್ಲಿ 'ಧ'ದ ಹೊಟ್ಟೆ ಸೀಳಿಯೇ ಬರೆಯಿರಿ, ಇಲ್ಲದಿದ್ದರೆ ಕನ್ನಡ ಮೇಷ್ಟ್ರು ಕೆಂಪು ಪೆನ್ನು ತರುತ್ತಾರೆ.

ಅಯಾನಿನ ಚಾರ್ಜ್ ಬರೆಯುವಾಗ ಅಂಕಿ ಮೊದಲು, ಗುರುತು ಆಮೇಲೆ: 2+. ಚಾರ್ಜ್ ಒಂದೇ ಇದ್ದರೆ ಬರೀ ಪ್ಲಸ್ ಅಥವಾ ಮೈನಸ್ ಸಾಕು.

ಫ್ಲೋರೈಡ್ ಮೇಲೆ ಜೋಕು ಮಾಡಬೇಡಿ. ಅದೂ ಋಣ ಅಯಾನೇ, ಶ್ಲೇಷೆಗೂ ಸಿಗುತ್ತದೆ. ಆದರೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಿದವರು, ಮೂಳೆ ಬಾಗಿದವರು ಇದ್ದಾರೆ. ನಿಮ್ಮ ಮುಂದೆ ಕೂತ ಮಗುವಿನ ಅಜ್ಜಿಯೂ ಆಗಿರಬಹುದು.

ಜೋಕಿನ ಜೊತೆ ಪ್ರಯೋಗ ತೋರಿಸುವ ಆಸೆ ಇದ್ದರೆ ಬಾಚಣಿಗೆಯಿಂದ ಕಾಗದದ ಚೂರು ಎತ್ತಿ ತೋರಿಸಿ. ನಮ್ಮ ಒಣ ಬಿಸಿಲಿಗೆ ಚೆನ್ನಾಗಿ ಆಗುತ್ತದೆ, ಮಳೆಗಾಲದಲ್ಲಿ ಕೈಕೊಡುತ್ತದೆ. ಉಪ್ಪು ನೀರಿಗೆ ಗೋಡೆಯ ಪ್ಲಗ್ಗಿನ ಕರೆಂಟು ಯಾವ ಕಾರಣಕ್ಕೂ ಕೊಡಬೇಡಿ, ಪ್ರಾಣ ಹೋಗುತ್ತದೆ. 9 ವೋಲ್ಟಿನ ಬ್ಯಾಟರಿ ಸಾಕು, ಅದೂ ಕಿಟಕಿ ಬಾಗಿಲು ತೆಗೆದು, ಎರಡೇ ನಿಮಿಷ. ಯಾಕೆಂದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಕೆಮ್ಮಿಸುತ್ತದೆ, ನಗಿಸುವುದಿಲ್ಲ.

ಹೇಳುವಾಗ ಕೊನೆಯ ಸಾಲಿನ ಮುಂಚೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಿಲ್ಲಿ. ನೀವೇ ಮೊದಲು ನಗಬೇಡಿ. ಹೇಳಿದ ಮೇಲೆ ಯಾರೂ ನಗದಿದ್ದರೆ ವಿವರಿಸಲು ಹೋಗದೆ ಮುಂದಿನದಕ್ಕೆ ಹೋಗಿ. ಮುಂದಿನದು ಯಾವುದು ಅಂತ ಕೇಳುವವರಿಗೆ, ನನ್ನ ಕ್ಲಾಸಿನಲ್ಲಿ ಇಲ್ಲಿವರೆಗೆ ಒಮ್ಮೆಯೂ ಸೋಲದ್ದು ಇದೊಂದಿದೆ. ಬೋರ್ಡಿನ ಮೇಲೆ ಮೊದಲು ಕ್ಲೋರೈಡ್ 2, 8, 8 ಅಂತಲೂ, ಅದರ ಪಕ್ಕ ಆರ್ಗಾನ್ 2, 8, 8 ಅಂತಲೂ ಬರೆದುಬಿಡಿ.

ಕ್ಲೋರೈಡ್: "ಅಲ್ಲೋ ಆರ್ಗಾನ್, ನಿನ್ನ ಹಂತೇಕ 18, ನನ್ನ ಹಂತೇಕ 18. ಮತ್ತ ನನಗಷ್ಟ ಯಾಕ ಋಣ ಅಂತಾರ?"
ಆರ್ಗಾನ್: "ನಂದು ಸ್ವಂತದ್ದಪಾ."